ಸಾರ್ವಜನಿಕ ವೈ-ಫೈನಲ್ಲಿ ಕಂಪ್ಯೂಟರ್‌ನ ಹೆಸರು: ಬದಲಿಸುವುದೇ, ಕಳುಹಿಸದಿರುವುದೇ, ಸ್ವಂತ ಹಾಟ್‌ಸ್ಪಾಟ್ ಬಳಸುವುದೇ?

ಕಲಬುರಗಿಯ ವಾಚನಾಲಯಗಳಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರು, ಬೀದರಿನ ವಸತಿಗೃಹದಲ್ಲಿ ತಂಗಿ ರಾತ್ರಿ ಲೆಕ್ಕ ಮುಗಿಸುವ ಕಂಪನಿ ಪ್ರತಿನಿಧಿಗಳು, ಯಾದಗಿರಿ ನಿಲ್ದಾಣದಲ್ಲಿ ರೈಲು ಕಾಯುತ್ತ ಲ್ಯಾಪ್‌ಟಾಪ್ ತೆರೆಯುವ ವಿದ್ಯಾರ್ಥಿಗಳು ಬೇರೆ ಬೇರೆ ಮಾತುಗಳಲ್ಲಿ ಕೇಳುತ್ತಿರುವುದು ಒಂದೇ ಪ್ರಶ್ನೆ. ಹೊರಗಿನ ವೈ-ಫೈಗೆ ಸೇರುವಾಗ ನಮ್ಮ ಕಂಪ್ಯೂಟರ್‌ನ ಹೆಸರು ಬೇರೆಯವರಿಗೆ ಕಾಣುತ್ತದೆಯಂತೆ. ಅದನ್ನು ಬದಲಿಸಿದರೆ ಸಾಕೇ, ಹೆಸರನ್ನು ಕಳುಹಿಸದಂತೆಯೇ ತಡೆಯಬೇಕೇ, ಅಥವಾ ಆ ವೈ-ಫೈಯನ್ನೇ ಬಿಟ್ಟು ಮೊಬೈಲ್ ಹಾಟ್‌ಸ್ಪಾಟ್‌ಗೆ ಹೋಗುವುದು ಲೇಸೇ? ಎಲ್ಲರಿಗೂ ಹೊಂದುವ ಉತ್ತರ ಇದಕ್ಕಿಲ್ಲ. ಯಾರಿಂದ ಏನನ್ನು ಮರೆಮಾಡಬೇಕಾಗಿದೆ ಎಂಬುದು ಸ್ಪಷ್ಟವಾದರೆ ಆಯ್ಕೆ ಕಷ್ಟವಲ್ಲ.

ಹೆಸರು ಹೊರಬೀಳುವ ಬಗೆ

ಕಂಪ್ಯೂಟರ್ ಒಂದು ವೈ-ಫೈಗೆ ಸೇರಿದ ಕೂಡಲೇ ತನಗೊಂದು ಐಪಿ ವಿಳಾಸ, ಅಂದರೆ ಜಾಲದಲ್ಲಿ ತನ್ನನ್ನು ಗುರುತಿಸುವ ಸಂಖ್ಯೆ, ಕೊಡಿರೆಂದು ಕೇಳುತ್ತದೆ. ಡಿಎಚ್‌ಸಿಪಿ ಎಂದು ಕರೆಯುವ ಈ ವ್ಯವಹಾರದ ಕೋರಿಕೆಯಲ್ಲಿ 12ನೆಯ ಸಂಖ್ಯೆಯ ಒಂದು ಐಚ್ಛಿಕ ಅಂಕಣವಿದ್ದು, ಹೆಚ್ಚಿನ ಲ್ಯಾಪ್‌ಟಾಪ್‌ಗಳು ಯಾರ ಅಪ್ಪಣೆಯನ್ನೂ ಕೇಳದೆ ಅದರಲ್ಲಿ ತಮ್ಮ ಹೋಸ್ಟ್‌ನೇಮ್, ಅಂದರೆ ಕಂಪ್ಯೂಟರ್‌ನ ಹೆಸರನ್ನು ತುಂಬಿ ಕಳುಹಿಸುತ್ತವೆ. ವಿಳಾಸ ಕೊಡುವ ಯಂತ್ರ ಯಾವುದೆಂದು ಆ ಹಂತದಲ್ಲಿ ಗೊತ್ತಿರುವುದಿಲ್ಲವಾದ್ದರಿಂದ ಕೋರಿಕೆಯು ಜಾಲದಲ್ಲಿರುವ ಎಲ್ಲರಿಗೂ ಕೇಳುವಂತೆ ಹೋಗುತ್ತದೆ. ವಿಳಾಸ ಕೊಡುವ ಆ ಯಂತ್ರ, ಅಂದರೆ ವೈ-ಫೈ ರೂಟರ್, ಹೆಸರನ್ನು ತನ್ನ ಪಟ್ಟಿಯಲ್ಲಿ ಬರೆದುಕೊಳ್ಳುತ್ತದೆ. ರೂಟರ್‌ನ ಆಡಳಿತ ಪುಟ ತೆರೆಯಬಲ್ಲವರಿಗೆ ಹೆಸರು, ಐಪಿ ವಿಳಾಸ, ಮ್ಯಾಕ್ ವಿಳಾಸ (ವೈ-ಫೈ ಯಂತ್ರಾಂಶದ ಗುರುತಿನ ಸಂಖ್ಯೆ; ಆಪಲ್‌ನ ಮ್ಯಾಕ್‌ಗೂ ಇದಕ್ಕೂ ಸಂಬಂಧವಿಲ್ಲ) ಒಂದೇ ಸಾಲಿನಲ್ಲಿ ಸಿಗುತ್ತವೆ. ಇದಲ್ಲದೆ ಪ್ರಿಂಟರ್, ಹಂಚಿದ ಕಡತಗಳನ್ನು ಹುಡುಕಲೆಂದು ಇರುವ ಎಂಡಿಎನ್‌ಎಸ್, ಎಲ್‌ಎಲ್‌ಎಂಎನ್‌ಆರ್, ಹಳೆಯ ನೆಟ್‌ಬಯೋಸ್ ಎಂಬ ವ್ಯವಸ್ಥೆಗಳೂ ಅದೇ ಹೆಸರನ್ನು ಅಕ್ಕಪಕ್ಕದ ಯಂತ್ರಗಳಿಗೆ ತಿಳಿಸುತ್ತವೆ. ಅಂತರ್ಜಾಲದ ತಾಂತ್ರಿಕ ಮಾನದಂಡಗಳನ್ನು ರೂಪಿಸುವ ಐಇಟಿಎಫ್ ಸಂಸ್ಥೆಯು 2017ರಲ್ಲಿ ಪ್ರಕಟಿಸಿದ ಆರ್‌ಎಫ್‌ಸಿ 8117 ಎಂಬ ದಾಖಲೆಯಲ್ಲಿ ಹೋಸ್ಟ್‌ನೇಮನ್ನು ಹೀಗೆ ಹಂಚುವ ರೂಢಿಯನ್ನು ನೇರವಾಗಿಯೇ ಹಾನಿಕರವೆಂದು ಕರೆದಿದೆ.

ಸಂಪರ್ಕವನ್ನು ಗೂಢಲಿಪಿಯಲ್ಲಿ ಸಾಗಿಸುವ ವಿಪಿಎನ್ ಹಾಕಿಕೊಂಡರೆ ಇದೆಲ್ಲ ಮುಚ್ಚಿಹೋಗುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದೆ, ಆದರೆ ಅದು ಸರಿಯಲ್ಲ. ವಿಪಿಎನ್ ಕೆಲಸ ಆರಂಭಿಸುವುದು ಐಪಿ ವಿಳಾಸ ಸಿಕ್ಕಮೇಲೆ. ಹೆಸರು ಅದಕ್ಕೂ ಮೊದಲೇ ಹೊರಟಿರುತ್ತದೆ.

ಹೆಸರಿನಲ್ಲಿ ಏನಿರುತ್ತದೆ ಎಂಬುದು ಯಂತ್ರದಿಂದ ಯಂತ್ರಕ್ಕೆ ಬೇರೆ. ವಿಂಡೋಸ್ 10 ಮತ್ತು 11 ತಾವಾಗಿಯೇ ಹೆಸರಿಟ್ಟರೆ ‘ಡೆಸ್ಕ್‌ಟಾಪ್’ ಅಥವಾ ‘ಲ್ಯಾಪ್‌ಟಾಪ್’ ಎಂಬ ಪದದ ಮುಂದೆ ಅಡ್ಡಗೆರೆ ಎಳೆದು ಅರ್ಥವಿಲ್ಲದ ಕೆಲವು ಅಕ್ಷರ–ಅಂಕೆಗಳನ್ನು ಸೇರಿಸುತ್ತವೆ. ಆಪಲ್‌ನ ಮ್ಯಾಕ್ ತನ್ನ ಬಳಕೆದಾರರ ಹೆಸರನ್ನೇ ತೆಗೆದುಕೊಂಡು ‘ಇಂಥವರ ಮ್ಯಾಕ್‌ಬುಕ್’ ಎಂದು ಸಾರುತ್ತದೆ. ಲಿನಕ್ಸ್ ಬಗೆಯ ಕಾರ್ಯಾಚರಣಾ ವ್ಯವಸ್ಥೆಯಾದ ಉಬುಂಟು ಅನುಸ್ಥಾಪನೆಯ ವೇಳೆ ಬಳಕೆದಾರರ ಹೆಸರಿಗೆ ಯಂತ್ರದ ಮಾದರಿಯನ್ನೂ ಜೋಡಿಸಿದ ಹೆಸರನ್ನು ಸೂಚಿಸುವುದುಂಟು, ಹೆಚ್ಚಿನವರು ಅದನ್ನು ಹಾಗೆಯೇ ಒಪ್ಪಿಕೊಳ್ಳುತ್ತಾರೆ. ದುರಸ್ತಿ ಅಂಗಡಿಯಲ್ಲಿ ವಿಂಡೋಸ್ ಹಾಕಿಸಿಕೊಂಡ ಯಂತ್ರಗಳಲ್ಲಿ ಅಂಗಡಿಯವರು ಗ್ರಾಹಕರ ಹೆಸರನ್ನೋ ತಮ್ಮ ಅಂಗಡಿಯ ಹೆಸರನ್ನೋ ಬರೆದಿರುವುದೂ ಅಪರೂಪವಲ್ಲ. ಆಂಡ್ರಾಯ್ಡ್ ಫೋನ್‌ಗಳ ಮಟ್ಟಿಗೆ ಹೇಳುವುದಾದರೆ 2017ರ ಎಂಟನೆಯ ಆವೃತ್ತಿಯಿಂದ ಮೂಲ ವ್ಯವಸ್ಥೆಯು ಡಿಎಚ್‌ಸಿಪಿಯಲ್ಲಿ ಹೆಸರು ಕಳುಹಿಸುವುದನ್ನು ನಿಲ್ಲಿಸಿತು; ಕೆಲವು ತಯಾರಕರ ಫೋನ್‌ಗಳು ಮಾತ್ರ ಮಾದರಿಯ ಹೆಸರನ್ನು ಈಗಲೂ ಕಳುಹಿಸುತ್ತವೆ.

ನಮ್ಮ ಭಾಗದಲ್ಲಿ ಈ ವಿಷಯಕ್ಕೆ ಇನ್ನಷ್ಟು ತೂಕವಿದೆ ಎಂದು ನಾನು ಭಾವಿಸುತ್ತೇನೆ. ಆಳಂದ, ಜೇವರ್ಗಿ, ಚಿಂಚೋಳಿ ಎಂದು ಊರಿನ ಹೆಸರೇ ಅಡ್ಡಹೆಸರಾಗಿರುವ ಮನೆತನಗಳು ಇಲ್ಲಿ ಸಾಕಷ್ಟಿವೆ. ಪಾಟೀಲ, ಕುಲಕರ್ಣಿ, ದೇಶಮುಖ ಎಂಬ ಅಡ್ಡಹೆಸರುಗಳು ಮನೆತನದ ಹಿನ್ನೆಲೆಯನ್ನೇ ಹೇಳುತ್ತವೆ. ಪೂರ್ಣ ಹೆಸರೊಂದು ಜಾಲದಲ್ಲಿ ಕಂಡರೆ ಹೆಣ್ಣೋ ಗಂಡೋ, ಯಾವ ಊರಿನವರು, ಬಹುಶಃ ಯಾವ ಸಮುದಾಯದವರು ಎಂಬಷ್ಟನ್ನೂ ಪಕ್ಕದ ಮೇಜಿನವರು ಊಹಿಸಿಬಿಡಬಲ್ಲರು. ಹತ್ತು ಹುಡುಗರ ನಡುವೆ ಒಬ್ಬಳೇ ಹುಡುಗಿ ಲ್ಯಾಪ್‌ಟಾಪ್ ತೆರೆದು ಕುಳಿತಿರುವ ಕಡೆ ಅವಳ ಪೂರ್ಣ ಹೆಸರು ಅಪರಿಚಿತರಿಗೆ ದೊರೆತು, ಅದೇ ಹೆಸರಿನಿಂದ ಸಾಮಾಜಿಕ ಜಾಲತಾಣದಲ್ಲಿ ಹುಡುಕುವುದು ಎಷ್ಟು ಸುಲಭವೆಂಬುದನ್ನು ವಿವರಿಸಬೇಕಾಗಿಲ್ಲ.

ತೂಗಿನೋಡಲು ಬೇಕಾದ ಅಳತೆಗಳು

ಆಯ್ಕೆಗಳಿಗೆ ಹೋಗುವ ಮುನ್ನ ಎರಡು ತೊಂದರೆಗಳನ್ನು ಬೇರ್ಪಡಿಸಿಕೊಳ್ಳಬೇಕು. ಮೊದಲನೆಯದು ಗುರುತು: ಹೆಸರನ್ನು ಓದಿದವರಿಗೆ ನೀವು ಯಾರೆಂದು ತಿಳಿಯುವುದು. ಎರಡನೆಯದು ಜಾಡು: ನೀವು ಯಾರೆಂದು ತಿಳಿಯದಿದ್ದರೂ ‘ಅದೇ ಯಂತ್ರ ಮತ್ತೆ ಬಂದಿದೆ’ ಎಂದು ತಿಳಿಯುವುದು. ವಿಂಡೋಸ್ ತಾನೇ ಇಡುವ ಅರ್ಥಹೀನ ಹೆಸರು ಮೊದಲನೆಯದರಿಂದ ಪೂರ್ತಿ ಕಾಯುತ್ತದೆ, ಎರಡನೆಯದರಿಂದ ಸ್ವಲ್ಪವೂ ಕಾಯುವುದಿಲ್ಲ, ಏಕೆಂದರೆ ಆ ಅಕ್ಷರಗಳ ಸರಣಿ ಇನ್ನೊಂದು ಯಂತ್ರಕ್ಕೆ ಇರುವ ಸಾಧ್ಯತೆ ತೀರ ಕಡಿಮೆ.

ನೋಡುವವರು ಯಾರು ಎಂಬುದು ಮುಂದಿನ ಅಳತೆ. ರೈಲು ನಿಲ್ದಾಣದ ರೈಲ್‌ವೈರ್‌ನಂಥ ವೈ-ಫೈಗೆ ಮೊಬೈಲ್ ಸಂಖ್ಯೆ ಕೊಟ್ಟು ಒಟಿಪಿ ಹಾಕಿಯೇ ಒಳಹೋಗಬೇಕು. ಬಳಕೆದಾರರನ್ನು ಗುರುತಿಸುವಂತಿರಬೇಕೆಂಬುದು ದೂರಸಂಪರ್ಕ ಇಲಾಖೆ 2009ರಿಂದಲೂ ವಿಧಿಸಿರುವ ಅಗತ್ಯ. ಆದ್ದರಿಂದ ಅಂಥ ಜಾಲವನ್ನು ನಡೆಸುವವರಿಂದ ಹೆಸರು ಮುಚ್ಚಿಟ್ಟು ಹೆಚ್ಚಿನ ಪ್ರಯೋಜನವಿಲ್ಲ, ಸಂಖ್ಯೆಯೇ ಅವರ ಬಳಿ ಇದೆ. ವಸತಿಗೃಹದವರು ಕೋಣೆ ಕೊಡುವಾಗಲೇ ಗುರುತಿನ ಚೀಟಿಯ ಪ್ರತಿ ಪಡೆದಿರುತ್ತಾರೆ. ಹೋಸ್ಟ್‌ನೇಮ್ ಮುಚ್ಚುವುದರಿಂದ ನಿಜವಾದ ಲಾಭವಿರುವುದು ಅದೇ ಜಾಲದಲ್ಲಿರುವ ಇತರ ಬಳಕೆದಾರರಿಂದ, ಮತ್ತು ಗೋಡೆಯ ಮೇಲೆ ಪಾಸ್‌ವರ್ಡ್ ಬರೆದಿಟ್ಟಿರುವ ಖಾನಾವಳಿ, ಚಹಾದಂಗಡಿ, ತರಬೇತಿ ಕೇಂದ್ರ, ಪಿಜಿಗಳ ಸಣ್ಣ ರೂಟರ್‌ಗಳಿಂದ. ದೊಡ್ಡ ಜಾಲಗಳಲ್ಲಿ ಒಬ್ಬ ಬಳಕೆದಾರರ ಯಂತ್ರ ಇನ್ನೊಬ್ಬರದಕ್ಕೆ ಕಾಣದಂತೆ ಬೇರ್ಪಡಿಸುವ ವ್ಯವಸ್ಥೆಯನ್ನು ಸಾಮಾನ್ಯವಾಗಿ ಹಾಕಿರುತ್ತಾರೆ. ಮನೆಬಳಕೆಯ ರೂಟರ್ ತಂದು ಅಂಗಡಿಯಲ್ಲಿಟ್ಟ ಕಡೆ ಅದು ಇರುವುದು ಕಡಿಮೆ. ರೂಟರ್‌ನ ಆಡಳಿತ ಪಾಸ್‌ವರ್ಡನ್ನೂ ಎಷ್ಟೋ ಕಡೆ ಬದಲಿಸಿರುವುದಿಲ್ಲ.

ಉಳಿದ ಅಳತೆಗಳು ಸರಳ. ಬದಲಾವಣೆಯಿಂದ ಮನೆಯಲ್ಲೋ ಕಚೇರಿಯಲ್ಲೋ ನಡೆಯುತ್ತಿದ್ದ ಕೆಲಸ ನಿಲ್ಲುತ್ತದೆಯೇ, ಒಮ್ಮೆ ಮಾಡಿದರೆ ಸಾಕೇ ಅಥವಾ ಪ್ರತಿ ಸಲ ಮಾಡಬೇಕೇ, ಎಷ್ಟು ಹಣ ಹಿಡಿಯುತ್ತದೆ ಎಂಬಿಷ್ಟನ್ನು ನೋಡಿದರೆ ಸಾಕು.

ಒಮ್ಮೆ ಹೆಸರು ಬದಲಿಸಿ ಬಿಟ್ಟುಬಿಡುವುದು

ಖರ್ಚಿಲ್ಲದ, ಹತ್ತು ನಿಮಿಷದೊಳಗೆ ಮುಗಿಯುವ ದಾರಿ ಇದು. ವಿಂಡೋಸ್‌ನಲ್ಲಿ ಸೆಟ್ಟಿಂಗ್ಸ್ ತೆರೆದು ಸಿಸ್ಟಮ್, ಅದರೊಳಗೆ ಅಬೌಟ್, ಅಲ್ಲಿ ‘ರಿನೇಮ್ ದಿಸ್ ಪಿಸಿ’ ಎಂಬುದನ್ನು ಒತ್ತಿ ಹೊಸ ಹೆಸರು ಕೊಟ್ಟು ಯಂತ್ರವನ್ನು ಮರುಪ್ರಾರಂಭಿಸಬೇಕು. ಇದಕ್ಕೆ ಅಡ್ಮಿನಿಸ್ಟ್ರೇಟರ್ ಖಾತೆ ಬೇಕು. ಬ್ಲೂಟೂತ್ ಪಟ್ಟಿಯಲ್ಲಿ ಕಾಣುವ ಹೆಸರೂ ಇದೇ ಆದ್ದರಿಂದ ಒಂದೇ ಕೆಲಸದಲ್ಲಿ ಎರಡೂ ಸರಿಹೋಗುತ್ತವೆ. ಬಳಕೆದಾರರ ಕಡತಕೋಶದ ಹೆಸರು ಬದಲಾಗುವುದಿಲ್ಲ, ಬದಲಾಗಬೇಕಾಗಿಯೂ ಇಲ್ಲ, ಅದು ವೈ-ಫೈ ಜಾಲಕ್ಕೆ ಹೋಗುವುದಿಲ್ಲ. ಮ್ಯಾಕ್‌ನಲ್ಲಿ ಜನರಲ್ ವಿಭಾಗದ ಅಬೌಟ್‌ನಲ್ಲಿರುವ ಹೆಸರನ್ನು ಬದಲಿಸಿದ ಮೇಲೆ ಶೇರಿಂಗ್ ವಿಭಾಗಕ್ಕೂ ಹೋಗಿ ‘ಲೋಕಲ್’ ಎಂದು ಕೊನೆಗೊಳ್ಳುವ ಹೆಸರು ಬದಲಾಗಿದೆಯೇ ಎಂದು ನೋಡಬೇಕು, ಏಕೆಂದರೆ ಅಲ್ಲಿ ಒಂದಕ್ಕಿಂತ ಹೆಚ್ಚು ಹೆಸರುಗಳು ಬೇರೆ ಬೇರೆಯಾಗಿ ಇರುತ್ತವೆ. ಲಿನಕ್ಸ್‌ನಲ್ಲಿ ಹೋಸ್ಟ್‌ನೇಮ್‌ಸಿಟಿಎಲ್ ಆದೇಶದಿಂದ ಕೆಲಸವಾಗುತ್ತದೆ. ಹೋಸ್ಟ್ಸ್ ಕಡತದಲ್ಲಿ ಹಳೆಯ ಹೆಸರು ಉಳಿದಿದ್ದರೆ ಅಡ್ಮಿನಿಸ್ಟ್ರೇಟರ್ ಅಧಿಕಾರದಲ್ಲಿ ಆದೇಶ ಕೊಡಲು ಸುಡೊ ಬಳಸಿದಾಗಲೆಲ್ಲ ಎಚ್ಚರಿಕೆ ಬರುವುದರಿಂದ ಅದನ್ನೂ ತಿದ್ದಬೇಕು.

ಯಾವ ಹೆಸರಿಡುವುದು ಎಂಬುದರ ಬಗ್ಗೆ ಸ್ವಲ್ಪ ಹೆಚ್ಚು ಯೋಚಿಸುವುದು ಒಳ್ಳೆಯದು. ಇಂಗ್ಲಿಷ್ ಅಕ್ಷರ, ಅಂಕೆ, ಅಡ್ಡಗೆರೆ ಇಷ್ಟನ್ನೇ ಬಳಸಿ 15 ಅಕ್ಷರ ಮೀರದಂತೆ ಇಡಬೇಕು. ಆ ಮಿತಿ ನೆಟ್‌ಬಯೋಸ್‌ನದು. ಹಲವರು ಗುಪ್ತವಾಗಿರಲಿ ಎಂದು ‘ಬಹಮನಿ’, ‘ಬಿದರಿ’, ‘ತೊಗರಿ’ ಎಂಬಂಥ ಹೆಸರುಗಳನ್ನು ಆರಿಸುತ್ತಾರೆ. ಕೇಳಲು ಚೆನ್ನಾಗಿದ್ದರೂ ಗುಪ್ತತೆಗೆ ಇವು ಸಲ್ಲುವುದಿಲ್ಲ: ಮುಂಬಯಿ ಅಥವಾ ಬೆಂಗಳೂರಿನ ಜಾಲದಲ್ಲಿ ಇಂಥ ಹೆಸರು ನಿಮ್ಮ ಜಿಲ್ಲೆಯನ್ನೇ ಹೇಳುತ್ತದೆ, ಎಲ್ಲಿ ಹೋದರೂ ಒಮ್ಮೆ ನೋಡಿದವರ ನೆನಪಿನಲ್ಲಿ ಉಳಿಯುತ್ತದೆ. ಬರೀ ‘ಲ್ಯಾಪ್‌ಟಾಪ್’ ಎಂದಿಟ್ಟರೆ ಗುರುತೂ ಇಲ್ಲ, ಜಾಡೂ ಕಡಿಮೆ. ಆದರೆ ಅದೇ ಹೆಸರಿನ ಇನ್ನೊಂದು ಯಂತ್ರ ಅದೇ ಜಾಲದಲ್ಲಿದ್ದರೆ ವಿಂಡೋಸ್ ಹೆಸರಿನ ಘರ್ಷಣೆಯ ಸಂದೇಶ ತೋರಿಸಬಹುದು, ಮ್ಯಾಕ್ ಹೆಸರಿನ ಮುಂದೆ ತಾನೇ ಅಂಕೆ ಸೇರಿಸಿಕೊಳ್ಳುತ್ತದೆ. ನನ್ನ ಒಲವು ವಿಂಡೋಸ್ ತಾನೇ ಇಡುವ ಮಾದರಿಯನ್ನು ಅನುಕರಿಸುವ ಕಡೆಗಿದೆ: ‘ಡೆಸ್ಕ್‌ಟಾಪ್’ ಎಂಬ ಪದ, ಅಡ್ಡಗೆರೆ, ಮುಂದೆ ಮನಸ್ಸಿಗೆ ಬಂದ ಏಳು ಅಕ್ಷರ–ಅಂಕೆಗಳು. ಸಣ್ಣ ಅಂಗಡಿಯ ರೂಟರ್ ಪಟ್ಟಿಯಲ್ಲಿ ಅಂಥ ಹೆಸರುಗಳೇ ಹೆಚ್ಚಿರುವುದರಿಂದ ನಿಮ್ಮದು ಅವುಗಳ ನಡುವೆ ಸೇರಿಹೋಗುತ್ತದೆ. ಮ್ಯಾಕ್ ಅಥವಾ ಲಿನಕ್ಸ್ ಬಳಸುವವರಿಗೂ ಇದೇ ಹೆಸರು ಹೊಂದುತ್ತದೆ.

ಈ ದಾರಿಯ ಕೊರತೆ ಜಾಡಿನದು. ಅದೇ ಹೆಸರು ತಿಂಗಳುಗಟ್ಟಲೆ ಉಳಿದರೆ, ಒಂದೇ ಕಂಪನಿ ಹಲವು ಕಡೆ ನಡೆಸುವ ವೈ-ಫೈಗಳಲ್ಲಿ ನಿಮ್ಮ ಓಡಾಟವನ್ನು ಜೋಡಿಸುವುದು ತಾಂತ್ರಿಕವಾಗಿ ಸಾಧ್ಯ. ದಿನವೂ ಅದೇ ವಾಚನಾಲಯಕ್ಕೆ ಹೋಗುವವರಿಗೆ ಇದರಿಂದ ಏನೂ ನಷ್ಟವಿಲ್ಲ, ಅವರ ಮುಖವೇ ಅಲ್ಲಿ ಪರಿಚಿತ. ಊರೂರು ತಿರುಗುವವರು ಕೆಲವು ತಿಂಗಳಿಗೊಮ್ಮೆ ಕೊನೆಯ ಅಕ್ಷರಗಳನ್ನು ಬದಲಿಸಿದರೆ ಸಾಕು. ಪ್ರತಿ ಸಲ ಬದಲಿಸಬೇಕೆಂದು ಕೆಲವರು ಸ್ಕ್ರಿಪ್ಟ್ ಬರೆದುಕೊಳ್ಳುತ್ತಾರೆ. ವಿಂಡೋಸ್‌ನಲ್ಲಿ ಪ್ರತಿ ಬದಲಾವಣೆಗೂ ಮರುಪ್ರಾರಂಭ ಬೇಕಾಗುವುದರಿಂದ ಅದು ಬೇಗನೇ ಬೇಸರ ತರುವ ಕೆಲಸವೆಂದು ನನಗನ್ನಿಸುತ್ತದೆ.

ಹೆಸರಿನ ಜೊತೆಗೇ ಮಾಡಬೇಕಾದ ಇನ್ನೆರಡು ಕೆಲಸಗಳಿವೆ. ಯಂತ್ರದ ಮ್ಯಾಕ್ ವಿಳಾಸ ಬದಲಾಗದೆ ಇದ್ದರೆ ಹೆಸರು ಬದಲಿಸಿಯೂ ಜಾಡು ಉಳಿಯುತ್ತದೆ. ಮ್ಯಾಕ್ ವಿಳಾಸ ಬದಲಾಗಿ ಹೆಸರು ಅದೇ ಇದ್ದರೂ ಹಾಗೆಯೇ. ವಿಂಡೋಸ್‌ನ ವೈ-ಫೈ ಸೆಟ್ಟಿಂಗ್‌ಗಳಲ್ಲಿ ‘ರ್‍ಯಾಂಡಮ್ ಹಾರ್ಡ್‌ವೇರ್ ಅಡ್ರೆಸಸ್’ ಎಂಬ ಸೌಲಭ್ಯವಿದೆ, ವೈ-ಫೈ ಅಡಾಪ್ಟರ್ ಒಪ್ಪುವುದಾದರೆ ಅದನ್ನು ಚಾಲೂ ಮಾಡಬಹುದು. ಐಫೋನ್‌ಗಳಲ್ಲಿ ಇದು 2020ರ ಐಒಎಸ್ 14ರಿಂದ, ಆಂಡ್ರಾಯ್ಡ್‌ನಲ್ಲಿ 2019ರ ಹತ್ತನೆಯ ಆವೃತ್ತಿಯಿಂದ ತಾನಾಗಿಯೇ ಇದೆ. ವಿಳಾಸ ಬದಲಾದಾಗ ಒಟಿಪಿಯನ್ನು ಮತ್ತೆ ಹಾಕಬೇಕಾಗಿ ಬರುವುದು ಇದಕ್ಕೆ ತೆರಬೇಕಾದ ಬೆಲೆ. ಎರಡನೆಯದಾಗಿ, ವಿಂಡೋಸ್‌ನಲ್ಲಿ ಹೊಸ ವೈ-ಫೈಗೆ ಸೇರಿದಾಗ ಅದನ್ನು ‘ಪಬ್ಲಿಕ್’ ಎಂದೇ ಗುರುತಿಸಬೇಕು. ಹಾಗೆ ಮಾಡಿದರೆ ಅಕ್ಕಪಕ್ಕದ ಯಂತ್ರಗಳು ನಿಮ್ಮದನ್ನು ಹುಡುಕಿ ಕಂಡುಕೊಳ್ಳುವುದು ಬಹುಮಟ್ಟಿಗೆ ನಿಲ್ಲುತ್ತದೆ, ಡಿಎಚ್‌ಸಿಪಿಯಲ್ಲಿ ಹೋಗುವ ಹೆಸರು ಮಾತ್ರ ನಿಲ್ಲುವುದಿಲ್ಲ.

ಹೆಸರನ್ನೇ ಕಳುಹಿಸದಿರುವುದು

ತತ್ತ್ವದ ದೃಷ್ಟಿಯಿಂದ ಇದೇ ಎಲ್ಲಕ್ಕಿಂತ ಅಚ್ಚುಕಟ್ಟಾದ ಪರಿಹಾರ. ವಿಳಾಸ ಪಡೆಯಲು ಹೆಸರು ಹೇಳಲೇಬೇಕೆಂಬ ನಿಯಮವಿಲ್ಲ. 2016ರ ಆರ್‌ಎಫ್‌ಸಿ 7844 ಎಂಬ ದಾಖಲೆಯು ಗುರುತು ಬಿಟ್ಟುಕೊಡದೆ ಡಿಎಚ್‌ಸಿಪಿ ಬಳಸುವ ಬಗೆಯನ್ನು ವಿವರಿಸಿದೆ. ಲಿನಕ್ಸ್ ಬಳಸುವವರಿಗೆ ಇದು ಕೈಗೆಟುಕುವ ದೂರದಲ್ಲಿದೆ. ನೆಟ್‌ವರ್ಕ್‌ಮ್ಯಾನೇಜರ್‌ನಲ್ಲಿ ಪ್ರತಿ ವೈ-ಫೈ ಸಂಪರ್ಕಕ್ಕೂ ‘ಡಿಎಚ್‌ಸಿಪಿ ಸೆಂಡ್ ಹೋಸ್ಟ್‌ನೇಮ್’ ಎಂಬ ಗುಣವಿದ್ದು, ಅದನ್ನು ಐಪಿವಿ4 ಮತ್ತು ಐಪಿವಿ6 (ಐಪಿ ವಿಳಾಸದ ಹಳೆಯ ಮತ್ತು ಹೊಸ ಬಗೆಗಳು) ಎರಡರಲ್ಲೂ ‘ನೋ’ ಎಂದು ಮಾಡಿದರೆ ಹೆಸರು ಹೋಗುವುದಿಲ್ಲ. ಮನೆಯ ವೈ-ಫೈಗೆ ಹೆಸರು ಹೋಗಲಿ, ಹೊರಗಿನದಕ್ಕೆ ಬೇಡ ಎಂಬ ವಿಂಗಡಣೆಯೂ ಇಲ್ಲಿ ಸಾಧ್ಯವಿರುವುದು ದೊಡ್ಡ ಅನುಕೂಲ. ಸಿಸ್ಟಮ್‌ಡಿ-ನೆಟ್‌ವರ್ಕ್‌ಡಿ ಬಳಸುವವರಿಗೆ ಆರ್‌ಎಫ್‌ಸಿ 7844ನ್ನೇ ಅನುಸರಿಸುವ ‘ಅನಾನಿಮೈಸ್’ ಎಂಬ ಆಯ್ಕೆಯಿದೆ. ಇಷ್ಟು ಮಾಡಿದ ಮೇಲೂ ಅವಾಹಿ ಎಂಬ ಸೇವೆ ಚಾಲೂ ಇದ್ದರೆ ಅದು ಎಂಡಿಎನ್‌ಎಸ್ ಮೂಲಕ ಹೆಸರನ್ನು ಸಾರುತ್ತಲೇ ಇರುತ್ತದೆ, ಆದ್ದರಿಂದ ನೆಟ್‌ವರ್ಕ್ ಪ್ರಿಂಟರ್ ಬಳಸದವರು ಅದನ್ನೂ ನಿಲ್ಲಿಸಬೇಕು.

ವಿಂಡೋಸ್‌ನಲ್ಲಿ ಇದಕ್ಕೆ ಸೆಟ್ಟಿಂಗ್ಸ್‌ನಲ್ಲಿ ಒಂದು ಗುಂಡಿಯೂ ಇಲ್ಲ. ಹೆಸರು ಹೋಗಿಯೇ ಹೋಗುತ್ತದೆ ಎಂದು ಭಾವಿಸಿ, ಹೋಗುವ ಹೆಸರು ನಿರುಪದ್ರವಿಯಾಗಿರುವಂತೆ ನೋಡಿಕೊಳ್ಳುವುದೇ ಅಲ್ಲಿ ವಿವೇಕ.

ಇದೇ ಜಾಡಿನಲ್ಲಿ ಇನ್ನೂ ಮುಂದೆ ಹೋಗುವ ಆಯ್ಕೆ ಟೇಲ್ಸ್ ಎಂಬ ವ್ಯವಸ್ಥೆ. 8 ಜಿಬಿಯ ಪೆನ್‌ಡ್ರೈವ್‌ನಿಂದಲೇ ಆರಂಭವಾಗುವ ಇದು ಎಲ್ಲ ಬಳಕೆದಾರರಿಗೂ ಒಂದೇ ಹೋಸ್ಟ್‌ನೇಮ್ ಇಡುತ್ತದೆ, ಮ್ಯಾಕ್ ವಿಳಾಸವನ್ನೂ ಮರೆಸುತ್ತದೆ. ಸುದ್ದಿಮೂಲಗಳನ್ನು ಕಾಪಾಡಬೇಕಾದ ಪತ್ರಕರ್ತರಿಗೆ, ಬೆದರಿಕೆ ಎದುರಿಸುತ್ತಿರುವವರಿಗೆ ಇದು ಯೋಗ್ಯ. ಪರೀಕ್ಷೆಯ ಅರ್ಜಿ ತುಂಬುವವರಿಗೆ ಇದು ಬೇಕಿಲ್ಲ.

ಆ ವೈ-ಫೈಯನ್ನೇ ಬಿಡುವುದು

ಸ್ವಂತ ಮೊಬೈಲ್‌ನ ಹಾಟ್‌ಸ್ಪಾಟ್‌ಗೆ ಲ್ಯಾಪ್‌ಟಾಪ್ ಸೇರಿಸಿದರೆ ಅದರ ಹೆಸರು ತಿಳಿಯುವುದು ನಿಮ್ಮದೇ ಫೋನ್‌ಗೆ. ಪಕ್ಕದ ಮೇಜಿನವರ ಪ್ರಶ್ನೆಯೂ ಇಲ್ಲ, ಅಂಗಡಿಯ ರೂಟರ್ ಪಟ್ಟಿಯ ಪ್ರಶ್ನೆಯೂ ಇಲ್ಲ. ಹೋಸ್ಟ್‌ನೇಮ್ ಒಂದೇ ಅಲ್ಲದೆ ಇತರ ಹಲವು ಅಪಾಯಗಳೂ ಇದರಿಂದ ತಪ್ಪುವುದರಿಂದ, ಬ್ಯಾಂಕಿನ ವ್ಯವಹಾರ ಮಾಡುವವರಿಗೆ ನಾನು ಹೇಳುವುದು ಇದನ್ನೇ.

ಆದರೂ ಇಲ್ಲೊಂದು ಎಡವಟ್ಟಿದೆ. ಹಾಟ್‌ಸ್ಪಾಟ್‌ಗೂ ಒಂದು ಹೆಸರಿರುತ್ತದೆ, ಅದು ಸುತ್ತಲಿನ ಪ್ರತಿಯೊಬ್ಬರ ಫೋನ್‌ನಲ್ಲೂ ಕಾಣುತ್ತದೆ. ಐಫೋನ್‌ನಲ್ಲಿ ಅದು ಫೋನ್‌ನ ಹೆಸರೇ, ಎಂದರೆ ಅನೇಕರ ವಿಷಯದಲ್ಲಿ ಸ್ವಂತ ಹೆಸರೇ. ಕಂಪ್ಯೂಟರ್‌ನ ಹೆಸರು ಮುಚ್ಚಿಡಲು ಹೋಗಿ ಸ್ವಂತ ಹೆಸರನ್ನು ಇಡೀ ಬಸ್ ನಿಲ್ದಾಣಕ್ಕೆ ಸಾರಿದಂತಾಗಬಾರದು; ಸೆಟ್ಟಿಂಗ್ಸ್‌ನ ಜನರಲ್, ಅಬೌಟ್‌ಗೆ ಹೋಗಿ ಮೊದಲು ಅದನ್ನು ಬದಲಿಸಬೇಕು. ಆಂಡ್ರಾಯ್ಡ್‌ನಲ್ಲಿ ಹಾಟ್‌ಸ್ಪಾಟ್ ಸೆಟ್ಟಿಂಗ್‌ನಲ್ಲಿಯೇ ಹೆಸರು ಬದಲಿಸಬಹುದು. ಇದಕ್ಕಿಂತಲೂ ಉತ್ತಮವಾದುದು ಯುಎಸ್‌ಬಿ ತಂತಿಯ ಮೂಲಕ ಸಂಪರ್ಕ ಕೊಡುವುದು: ಯಾವ ಹೆಸರೂ ಗಾಳಿಯಲ್ಲಿ ಹೋಗುವುದಿಲ್ಲ, ಫೋನ್ ಚಾರ್ಜ್ ಕೂಡ ಆಗುತ್ತಿರುತ್ತದೆ. ತಾಪಮಾನ 40 ಡಿಗ್ರಿ ದಾಟುವ ನಮ್ಮ ಬೇಸಿಗೆಯಲ್ಲಿ ಗಂಟೆಗಟ್ಟಲೆ ಹಾಟ್‌ಸ್ಪಾಟ್ ಹಾಕಿದ ಫೋನ್ ಬಿಸಿಯೇರಿ ನಿಧಾನವಾಗುತ್ತದೆ, ಆಗಂತೂ ತಂತಿಯೇ ವಾಸಿ.

ಖರ್ಚಿನ ಮಾತಿಗೆ ಬಂದರೆ, ದಿನಕ್ಕೆ ಒಂದೂವರೆ ಅಥವಾ ಎರಡು ಜಿಬಿಯ ಯೋಜನೆ ಇರುವವರಿಗೆ ಇಮೇಲ್, ಅರ್ಜಿ, ಪಿಡಿಎಫ್ ಓದುವುದಕ್ಕೆ ಧಾರಾಳವಾಗಿ ಸಾಲುತ್ತದೆ, ಆನ್‌ಲೈನ್ ತರಗತಿಯ ವಿಡಿಯೊಗಳಿಗೆ ಸಾಲುವುದಿಲ್ಲ. ವಿಂಡೋಸ್‌ನಲ್ಲಿ ಆ ಸಂಪರ್ಕವನ್ನು ‘ಮೀಟರ್ಡ್’ (ಡೇಟಾ ಮಿತಿಯುಳ್ಳದ್ದು) ಎಂದು ಗುರುತಿಸದಿದ್ದರೆ ನವೀಕರಣಗಳೇ ದಿನದ ಡೇಟಾ ನುಂಗಿಬಿಡಬಹುದು. ಸಿಗ್ನಲ್ ದುರ್ಬಲವಿರುವ ಊರುಗಳಲ್ಲಿ, ಗಟ್ಟಿ ಕಲ್ಲುಗೋಡೆಯ ಹಳೆಯ ಕಟ್ಟಡಗಳೊಳಗೆ ಈ ದಾರಿ ಕೈಕೊಡುತ್ತದೆ.

ಪ್ರಯಾಣಕ್ಕೆಂದೇ ಇರುವ ಪುಟ್ಟ ರೂಟರ್ ಇನ್ನೊಂದು ಸಾಧ್ಯತೆ. ಅದು ಹೊರಗಿನ ವೈ-ಫೈಗೆ ತಾನೇ ಸೇರಿ, ನಿಮ್ಮ ಯಂತ್ರಗಳಿಗೆ ಬೇರೆಯದೇ ವೈ-ಫೈ ಕೊಡುತ್ತದೆ. ಹೊರಗಿನವರಿಗೆ ರೂಟರ್‌ನ ಹೆಸರಷ್ಟೇ ಕಾಣುತ್ತದೆ. ಕೆಲವು ಸಾವಿರ ರೂಪಾಯಿ ಬೇಕು, ವಿದ್ಯುತ್ ಬೇಕು, ಹೊಂದಿಸುವ ತಾಳ್ಮೆಯೂ ಬೇಕು. ಒಬ್ಬರಿಗಾಗಿ ಇದನ್ನು ಕೊಳ್ಳುವುದು ದುಬಾರಿ. ನಾಲ್ಕೈದು ಜನರ ತಂಡ ವಾರಗಟ್ಟಲೆ ವಸತಿಗೃಹದಲ್ಲಿದ್ದು ಕೆಲಸ ಮಾಡುವುದಾದರೆ ಕೊಟ್ಟ ಹಣ ಸಾರ್ಥಕ.

ಯಾರಿಗೆ ಯಾವುದು

ವಿಂಡೋಸ್ ಲ್ಯಾಪ್‌ಟಾಪ್ ಹೊಂದಿರುವ, ಖರ್ಚು ಮಾಡಲಾಗದ ವಿದ್ಯಾರ್ಥಿಗೆ ಹೆಸರನ್ನು ಒಮ್ಮೆ ಬದಲಿಸಿ, ಮ್ಯಾಕ್ ವಿಳಾಸದ ಸೌಲಭ್ಯ ಚಾಲೂ ಮಾಡಿ, ಜಾಲವನ್ನು ‘ಪಬ್ಲಿಕ್’ ಎಂದು ಇಟ್ಟರೆ ಸಾಕು. ಯಂತ್ರದ ಹೆಸರು ಈಗಾಗಲೇ ಅರ್ಥವಿಲ್ಲದ ಅಕ್ಷರಗಳಾಗಿದ್ದರೆ ಮೊದಲನೆಯ ಹೆಜ್ಜೆಯೂ ಬೇಕಾಗಿಲ್ಲ. ಒಂಟಿಯಾಗಿ ಹೊರಗೆ ಕೆಲಸ ಮಾಡುವ ಹೆಣ್ಣುಮಕ್ಕಳು ಇಷ್ಟರ ಜೊತೆಗೆ ಫೋನ್‌ನ ಹೆಸರು, ಹಾಟ್‌ಸ್ಪಾಟ್‌ನ ಹೆಸರು, ಬ್ಲೂಟೂತ್ ಇಯರ್‌ಫೋನ್‌ಗೆ ಇಟ್ಟುಕೊಂಡ ಹೆಸರು ಇವನ್ನೂ ನೋಡಿಕೊಳ್ಳಬೇಕೆಂದು ಒತ್ತಿ ಹೇಳುತ್ತೇನೆ. ಲ್ಯಾಪ್‌ಟಾಪ್ ಮಾತ್ರ ಸರಿಪಡಿಸಿ ಉಳಿದವನ್ನು ಬಿಡುವುದರಿಂದ ಪ್ರಯೋಜನ ಅರ್ಧಕ್ಕಿಂತ ಕಡಿಮೆ.

ಕಚೇರಿ ಅಥವಾ ಕಂಪನಿ ಕೊಟ್ಟ ಯಂತ್ರದ ಹೆಸರನ್ನು ಮುಟ್ಟಬಾರದು. ಡೊಮೇನ್‌ಗೆ, ಅಂದರೆ ಸಂಸ್ಥೆಯು ಒಂದೇ ಕಡೆಯಿಂದ ನಿರ್ವಹಿಸುವ ಜಾಲಕ್ಕೆ, ಸೇರಿದ ಯಂತ್ರದ ಹೆಸರು ಬದಲಾದರೆ ಲಾಗಿನ್, ಹಂಚಿದ ಕಡತ, ಕೆಲವು ತಂತ್ರಾಂಶಗಳ ಪರವಾನಗಿ ಕೆಡಬಹುದು. ಅಂಥ ಹೆಸರಿನಲ್ಲಿ ಸಂಸ್ಥೆಯ ಸಂಕೇತಾಕ್ಷರವೂ ಆಸ್ತಿಯ ಸಂಖ್ಯೆಯೂ ಇರುವುದರಿಂದ ಅದು ಅಪರಿಚಿತ ಜಾಲಕ್ಕೆ ಹೋಗುವುದೂ ಒಳ್ಳೆಯದಲ್ಲ, ಅವರಿಗೆ ಉಳಿಯುವ ದಾರಿ ಯುಎಸ್‌ಬಿ ತಂತಿ ಅಥವಾ ಹಾಟ್‌ಸ್ಪಾಟ್. ಮನೆಯಲ್ಲಿ ಕಂಪ್ಯೂಟರ್‌ನ ಹೆಸರಿನಿಂದಲೇ ಪ್ರಿಂಟರ್ ಅಥವಾ ಕಡತ ಹಂಚಿಕೊಂಡಿರುವವರು ಹೆಸರು ಬದಲಿಸಿದ ಮೇಲೆ ಆ ಜೋಡಣೆಗಳನ್ನು ಹೊಸ ಹೆಸರಿನಿಂದ ಮತ್ತೆ ಮಾಡಿಕೊಳ್ಳಬೇಕಾಗುತ್ತದೆ.

ಯಾವುದನ್ನು ಆರಿಸಿದರೂ ಮನೆಯಲ್ಲೇ ಮಾಡಿ, ಮನೆಯಲ್ಲೇ ಪರೀಕ್ಷಿಸಿಕೊಂಡು ಹೊರಡಿ. ಹಳೆಯ ಹೆಸರು ಒಮ್ಮೆ ಯಾವುದಾದರೂ ರೂಟರ್‌ನ ದಾಖಲೆಗೆ ಸೇರಿದರೆ ಅದನ್ನು ಅಳಿಸುವುದು ನಿಮ್ಮ ಕೈಯಲ್ಲಿರುವುದಿಲ್ಲ. ಪರೀಕ್ಷೆಗೆ ತಂತ್ರಜ್ಞರೇನೂ ಬೇಡ. ಮನೆಯ ರೂಟರ್‌ನ ಆಡಳಿತ ಪುಟ ತೆರೆದು ಸಂಪರ್ಕಗೊಂಡ ಸಾಧನಗಳ ಪಟ್ಟಿಯನ್ನು ನೋಡಿದರೆ ಲ್ಯಾಪ್‌ಟಾಪ್ ಯಾವ ಹೆಸರು ಹೇಳಿಕೊಂಡಿತೆಂಬುದು ಕಾಣುತ್ತದೆ. ಹಲವು ಫೋನ್‌ಗಳ ಹಾಟ್‌ಸ್ಪಾಟ್ ಪುಟದಲ್ಲೂ ಅಂಥ ಪಟ್ಟಿಯಿರುತ್ತದೆ. ಹಳೆಯ ಹೆಸರೇ ಕಂಡರೆ ಗಾಬರಿಯಾಗಬೇಕಿಲ್ಲ: ಹಿಂದಿನ ವಿಳಾಸದ ಅವಧಿ ಮುಗಿಯುವವರೆಗೆ ಕೆಲವು ರೂಟರ್‌ಗಳು ಹಿಂದಿನ ಹೆಸರನ್ನೇ ತೋರಿಸುತ್ತಿರುತ್ತವೆ. ಲ್ಯಾಪ್‌ಟಾಪ್‌ನಲ್ಲಿ ಆ ವೈ-ಫೈಯನ್ನು ‘ಫರ್ಗೆಟ್’ ಮಾಡಿ, ರೂಟರ್ ಅಥವಾ ಹಾಟ್‌ಸ್ಪಾಟನ್ನು ಒಮ್ಮೆ ಆರಿಸಿ ಹಚ್ಚಿ, ಮತ್ತೆ ಸೇರಿಸಿ ನೋಡಿ. ಆಗಲೂ ಹಳೆಯದೇ ಬಂದರೆ ವಿಂಡೋಸ್ ಮರುಪ್ರಾರಂಭವಾಗಿಲ್ಲ, ಅಥವಾ ಮ್ಯಾಕ್‌ನಲ್ಲಿ ಎರಡನೆಯ ಹೆಸರು ಬದಲಾಗದೆ ಉಳಿದಿದೆ.